ಹೊಳೆ ದಾಟಿದ ಮೇಲೆ

ಮೂರನೇ ಮೈಸೂರು ಯುದ್ಧ (1790–92) ಅಂದ್ರೆ ಟಿಪ್ಪು ಮತ್ತು ಬ್ರಿಟಿಷರ ಯುದ್ಧ ಅಂತಷ್ಟೇ ನಾವೆಲ್ಲ ಶಾಲೆಯಲ್ಲಿ ನೆನಪಿಟ್ಟುಕೊಂಡಿರ್ತೀವಿ. ಆದರೆ ಟಿಪ್ಪು ಎದುರಿಗೆ ನಿಂತವರು ಮೂವರು: ಈಸ್ಟ್ ಇಂಡಿಯಾ ಕಂಪನಿ, ಮರಾಠರು, ಹೈದರಾಬಾದಿನ ನಿಜಾಮ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯ್ತು. ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಮೂವರೂ ಪಾಲು ಹಂಚಿಕೊಂಡರು. ಕಾಳುಮೆಣಸು ಬೆಳೆಯುವ ಮಲಬಾರ್ ಕಂಪನಿಗೆ ಸಿಕ್ತು, ಧಾರವಾಡದ ಸೀಮೆ ಮರಾಠರಿಗೆ.

ಇವರನ್ನು ಒಟ್ಟಿಗೆ ಇಟ್ಟಿದ್ದು ಸ್ನೇಹ ಅಲ್ಲ, ಮೈಸೂರಿನ ಭಯ. ಭಯ ಇಳಿದ ಕೂಡಲೇ ಹಳೇ ಲೆಕ್ಕ ಹೊರಗೆ ಬಂತು. ಚೌತ್ ಬಾಕಿ ಕೇಳುತ್ತಾ ಬಂದ ಮರಾಠರು 1795ರಲ್ಲಿ ಖರ್ಡಾದಲ್ಲಿ ನಿಜಾಮನನ್ನು ಸೋಲಿಸಿದರು. ಕಂಪನಿ ಸುಮ್ಮನೆ ನೋಡ್ತಾ ಇತ್ತು. ಆಮೇಲೆ ನಿಜಾಮ ರಕ್ಷಣೆಗೆ ಕಂಪನಿಯ ಸೇನೆಯನ್ನೇ ಇಟ್ಟುಕೊಂಡ. ಅದರ ಖರ್ಚಿಗೆ 1800ರಲ್ಲಿ, ಮೈಸೂರಿನಿಂದ ಗೆದ್ದ ಸೀಮೆಗಳನ್ನು ಕಂಪನಿಗೇ ಒಪ್ಪಿಸಿದ. ಬಳ್ಳಾರಿ ಮದ್ರಾಸಿಗೆ ಸೇರಿದ್ದು ಹೀಗೆ. 1803ರಲ್ಲಿ ಕಂಪನಿ ಮರಾಠ ಸರದಾರರ ಮೇಲೆ ಯುದ್ಧಕ್ಕೆ ಹೋಯ್ತು; 1818ಕ್ಕೆ ಪೇಶ್ವೆಯ ಆಳ್ವಿಕೆ ಮುಗಿಯಿತು. ಧಾರವಾಡ ಮುಂದೆ ಮುಂಬಯಿ ಪ್ರಾಂತ್ಯಕ್ಕೆ ಹೋಯ್ತು.

ಹಾಗಾಗಿ ಯಾವುದೇ ಮೈತ್ರಿಯ ಬಗ್ಗೆ ಓದುವಾಗ ನಾವು ಮೂರು ಪ್ರಶ್ನೆ ಕೇಳೋಣ: ಯಾರ ಭಯಕ್ಕೆ ಒಂದಾದರು? ಗೆದ್ದದ್ದನ್ನು ಹೇಗೆ ಹಂಚಿಕೊಂಡರು? ಸೇನೆಯ ಖರ್ಚು ಯಾರ ಕೈಯಲ್ಲಿದೆ? ಮೂರನೆಯದಕ್ಕೆ ಉತ್ತರ ಸಿಕ್ಕರೆ ಕೊನೆಗೆ ಯಾರು ಉಳೀತಾರೆ ಅಂತ ಅಂದಾಜು ಮಾಡಬಹುದು. ಆ ಹಂಚಿಕೆಯಲ್ಲಿ ಬೇರೆಯಾದ ಬಳ್ಳಾರಿ ಮತ್ತೆ ಮೈಸೂರಿನ ಜೊತೆ ಸೇರಿದ್ದು 1953ರಲ್ಲಿ, ಧಾರವಾಡ 1956ರಲ್ಲಿ.