ನೇತ್ರಾಣಿಯಲ್ಲಿ ಒಂದು ದಿನ

ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ಕಡಲ ದಂಡೆಯಲ್ಲಿ ನಿಂತು, ಆಕಾಶ ನಿರ್ಮಲವಾಗಿರುವ ದಿನ ಪಡುವಣಕ್ಕೆ ದೃಷ್ಟಿ ಹಾಯಿಸಿದರೆ, ನೀರೂ ಬಾನೂ ಕೂಡುವೆಡೆಯಲ್ಲಿ ನಸುಗಪ್ಪಾದ ಒಂದು ಗುಡ್ಡ ಕಾಣಿಸುತ್ತದೆ. ಅದೇ ನೇತ್ರಾಣಿ ದ್ವೀಪ. ಅದನ್ನು ಬಜರಂಗಿ ದ್ವೀಪವೆಂದೂ ಕರೆಯುವುದುಂಟು. ಆಂಗ್ಲರಾದರೋ ಅಲ್ಲಿಯ ಪಾರಿವಾಳಗಳನ್ನು ಕಂಡು 'ಪಿಜನ್ ಐಲ್ಯಾಂಡ್' ಎಂದು ಹೆಸರಿಟ್ಟರು. ದಡದಿಂದ ಅಲ್ಲಿಗೆ ಸುಮಾರು 19 ಕಿಲೋಮೀಟರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಕಡಲನ್ನು ಕವಿಗಳ ಕಣ್ಣಿನಿಂದ ಬೇಕಾದಷ್ಟು ಕಂಡಿದ್ದೆ; ಅದರೊಳಗೆ ತಲೆಯಿಟ್ಟು ನೋಡಿದವನಲ್ಲ. ಡಿಸೆಂಬರಿನ ರಜೆಯಲ್ಲಿ ಮನೆಗೆ ಬಂದಿದ್ದ ಮೊಮ್ಮಗಳ ಹಠದಿಂದ ಆ ಸಂದರ್ಭವೂ ಒದಗಿತು.

ಮುಂಜಾನೆಯೇ ದೋಣಿ ಹೊರಟಿತು. ಚುಕ್ಕಾಣಿ ಹಿಡಿದಿದ್ದ ತಂಡೇಲ ಮಿತಭಾಷಿ. ದಡದ ತೆಂಗಿನ ಸಾಲು ಮರೆಯಾಯಿತು. ಮುರ್ಡೇಶ್ವರದ ಬೃಹತ್ ಶಿವನ ಮೂರ್ತಿ ಮಾತ್ರ ಬಹುದೂರದವರೆಗೆ ಹಿಂದೆಯೇ ನಿಂತು ನಮ್ಮನ್ನು ನೋಡುತ್ತಿದ್ದಂತೆ ತೋರುತ್ತಿತ್ತು. ಒಂದು ಗಂಟೆಗೂ ಮಿಕ್ಕಿದ ಆ ಪಯಣದಲ್ಲಿ ನನ್ನ ಹೊಟ್ಟೆ ಪಟ್ಟ ಪಾಡನ್ನು ಇಲ್ಲಿ ವರ್ಣಿಸುವ ಅಗತ್ಯವಿಲ್ಲ.

ಹತ್ತಿರ ಬಂದಂತೆ ಗುಡ್ಡವು ಕಡಿದಾದ ಬಂಡೆಗಳ ಕೋಟೆಯಾಯಿತು. ಮೇಲೆ ದಟ್ಟವಾದ ಹಸಿರು. ದ್ವೀಪದ ಮೇಲೆ ಇಳಿಯುವಂತಿರಲಿಲ್ಲ; ದೋಣಿ ಅದರ ಸುತ್ತ ನಿಧಾನವಾಗಿ ಚಲಿಸಿತು. "ಅಜ್ಜ, ಅಲ್ಲಿ ನೋಡಿ!" ಎಂದು ಮೊಮ್ಮಗಳು ಕೂಗಿದಳು. ಮರದ ನೆತ್ತಿಯಲ್ಲಿ ಕಟ್ಟಿಗೆಯ ಹೊರೆಯಂತಹ ಒಂದು ಗೂಡು. ಅದರಂಚಿನಲ್ಲಿ ಬೆಳ್ಳಗಿನ ತಲೆ, ಬೆಳ್ಳಗಿನ ಹೊಟ್ಟೆ, ಬೂದುಬಣ್ಣದ ರೆಕ್ಕೆಗಳ ಗಂಭೀರವಾದ ಹಕ್ಕಿ. ಅದು ಬಿಳಿಹೊಟ್ಟೆಯ ಕಡಲ ಗಿಡುಗ. ರೆಕ್ಕೆಗಳನ್ನು ಹರಡಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಎರಡು ಮೀಟರು! ಜೋಡಿಹಕ್ಕಿಗಳು ಒಂದೇ ಗೂಡಿಗೆ ವರ್ಷವರ್ಷವೂ ಹೊಸ ಕಡ್ಡಿಗಳನ್ನು ತಂದು ಒಟ್ಟುತ್ತವೆ. ಹಾಗಾಗಿ ಗೂಡು ಬೆಳೆಯುತ್ತಲೇ ಹೋಗುತ್ತದೆ. ಸಾಮಾನ್ಯವಾಗಿ ಈ ಗಿಡುಗಗಳ ಒಂದು ಜೋಡಿ ಇರುವ ಕಡೆ ಇನ್ನೊಂದು ಜೋಡಿಯನ್ನು ಸೇರಿಸುವುದಿಲ್ಲ. ಆದರೆ ನೇತ್ರಾಣಿಯಲ್ಲಿ ಅವು ಒಂದರ ಸಮೀಪ ಒಂದರಂತೆ ಗೂಡು ಕಟ್ಟಿಕೊಂಡು ಊರು ಮಾಡಿಕೊಂಡಿವೆ. ಇಂತಹ ದೃಶ್ಯ ಅಪರೂಪ. ಬಂಡೆಗಳ ಗುಹೆಗಳಲ್ಲಿ ತಮ್ಮ ಜೊಲ್ಲಿನಿಂದಲೇ ಗೂಡು ಹೆಣೆಯುವ ಪುಟ್ಟ ಹಕ್ಕಿಗಳೂ ಇವೆಯಂತೆ. ನಮಗೆ ಅವು ಕಾಣಸಿಗಲಿಲ್ಲ.

"ಇಷ್ಟು ನೆಮ್ಮದಿಯ ಜಾಗ!" ಎಂದೆ ನಾನು.

ತಂಡೇಲ ನಕ್ಕ. "ನೆಮ್ಮದಿ ಎಲ್ಲಿಯದು ಮಾಸ್ತರ್ರೇ? ಬಹಳ ಕಾಲ ನೌಕಾಪಡೆಯವರು ಈ ಗುಡ್ಡವನ್ನೇ ಗುರಿಯಿಟ್ಟು ಗುಂಡು ಹಾರಿಸುವ ಅಭ್ಯಾಸ ಮಾಡುತ್ತಿದ್ದರು. ಸಿಡಿಯದ ಮದ್ದುಗುಂಡು ಇಲ್ಲಿ ಸಿಕ್ಕಿದ್ದುಂಟು. ನಮ್ಮವರೇನು ಕಡಿಮೆಯೇ? ಹರಕೆಯೆಂದು ತಂದು ಬಿಟ್ಟ ಆಡುಗಳು ಮೊಳಕೆಗಳನ್ನೆಲ್ಲ ಮೇಯುತ್ತವೆ. ಮುಂದೆ ಗಿಡುಗ ಗೂಡು ಕಟ್ಟಲು ಮರ ಎಲ್ಲಿಂದ ಬರಬೇಕು?"

ದೋಣಿ ಬಂಡೆಯ ಮರೆಯಲ್ಲಿ ನಿಂತಿತು. ನೀರಿಗಿಳಿಯುವ ಸಿದ್ಧತೆ ನಡೆಯಿತು: ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ, ತೇಲಿಸುವ ಕವಚ, ಕಾಲಿಗೆ ಬಾತಿನ ಪಾದದಂತಹ ರಬ್ಬರಿನ ಈಜುರೆಕ್ಕೆ, ಬಾಯಲ್ಲಿ ಕಚ್ಚಿಕೊಳ್ಳಲು ಬಾಗಿದ ಉಸಿರುಗೊಳವೆ. ಈ ಗೊಳವೆಗೆ ಸ್ನಾರ್ಕೆಲ್ ಎಂದು ಹೆಸರು. ಮುಖವನ್ನು ನೀರಿನಲ್ಲಿಟ್ಟು ಬೋರಲಾಗಿ ತೇಲುತ್ತ, ನೀರಿನ ಮೇಲೆ ನಿಂತ ಅದರ ತುದಿಯಿಂದ ಗಾಳಿಯೆಳೆದುಕೊಳ್ಳಬೇಕು. ಗಾಜಿಗೆ ಆವಿ ಕಟ್ಟದಂತೆ ಅದರ ಒಳಮೈಗೆ ಉಗುಳಿ ಉಜ್ಜಬೇಕೆಂದು ಹೇಳಿದರು. ತರಗತಿಯಲ್ಲಿ ಉಗುಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು! ಮೊಮ್ಮಗಳು ಮುಖ ತಿರುಗಿಸಿಕೊಂಡು ನಕ್ಕಳು.

ತಲೆಯನ್ನು ನೀರಿನಲ್ಲಿ ಮುಳುಗಿಸಿದ ಕ್ಷಣದಲ್ಲಿ ಗಾಳಿಯ ಸದ್ದು, ದೋಣಿಯ ಸದ್ದು, ಮಾತಿನ ಸದ್ದು ಎಲ್ಲವೂ ದೂರವಾದವು. ನನ್ನ ಉಸಿರೊಂದೇ ಕೇಳಿಸುತ್ತಿತ್ತು. ಕೆಳಗೆ ಒಂದು ಜನನಿಬಿಡ ಪೇಟೆ! ಹಸಿರು ನೀಲಿಗಳ ಗಿಳಿಮೀನುಗಳು ಕೊಕ್ಕಿನಂತಹ ಹಲ್ಲುಗಳಿಂದ ಬಂಡೆಯನ್ನು ಕೆರೆದು ತಿನ್ನುತ್ತಿದ್ದವು. ಪಾಚಿಯೊಡನೆ ಒಳಹೋದ ಕಲ್ಲಿನ ಚೂರು ಅವುಗಳ ಹೊಟ್ಟೆಯಲ್ಲಿ ಅರೆದು ನುಣ್ಣನೆಯ ಮರಳಾಗಿ ಹೊರಬರುತ್ತದೆ. ಒಂದೆಡೆ ದೊಡ್ಡ ಮೀನೊಂದು ಬಾಯಿ ತೆರೆದುಕೊಂಡು ಕದಲದೆ ನಿಂತಿತ್ತು. ಬೆರಳುದ್ದದ ಪಟ್ಟೆಮೀನೊಂದು ಅದರ ಕಿವಿರು, ತುಟಿ, ಬಾಯೊಳಗೆಲ್ಲ ಸುಳಿದಾಡಿ ಅಲ್ಲಿ ಅಂಟಿದ್ದ ಪರೋಪಜೀವಿಗಳನ್ನು ಹೆಕ್ಕುತ್ತಿತ್ತು. ನಮ್ಮೂರ ಕ್ಷೌರದ ಅಂಗಡಿಯಲ್ಲಿ ಕುರ್ಚಿಗೊರಗಿ ಕಣ್ಣು ಮುಚ್ಚಿದ ಯಜಮಾನರ ನೆನಪಾಯಿತು. ನೀರೊಳಗಿನ ವಸ್ತುಗಳು ಗಾಜಿನ ಮೂಲಕ ಸುಮಾರು ಮೂರನೆಯ ಒಂದು ಪಾಲು ದೊಡ್ಡದಾಗಿಯೂ, ಇರುವುದಕ್ಕಿಂತ ಹತ್ತಿರವಾಗಿಯೂ ಕಾಣುತ್ತವೆ. ಬೆಳಕು ವಕ್ರೀಭವನಗೊಳ್ಳುವುದೇ ಇದಕ್ಕೆ ಕಾರಣವೆಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರುತ್ತೀರಿ.

ಅಷ್ಟರಲ್ಲಿ ಅಲೆಯೊಂದು ಗೊಳವೆಯೊಳಗೆ ನೀರು ತುಂಬಿತು. ಉಪ್ಪುನೀರು ಗಂಟಲಿಗಿಳಿಯಿತು. ಕವಚವಿದ್ದುದರಿಂದ ಮುಳುಗುವ ಭಯವಿರಲಿಲ್ಲ. ಆದರೆ ಭಯಕ್ಕೆ ತರ್ಕವೆಲ್ಲಿಯದು? ಕೈಕಾಲು ಬಡಿದೆ. ಕೆಳಗೆ ಬಂಡೆಯೊಂದು ಕಂಡಿತು. ಅದರ ಮೇಲೆ ನಿಲ್ಲಲೆಂದು ಕಾಲು ಚಾಚಿದೆ.

"ಕಾಲು ಊರಬೇಡಿ ಮಾಸ್ತರ್ರೇ! ಅದು ಕಲ್ಲಲ್ಲ!"

ಕೂಗು ಕೇಳುವ ವೇಳೆಗೆ ನನ್ನ ಈಜುರೆಕ್ಕೆ ತಗುಲಿಯಾಗಿತ್ತು. ಹೆಬ್ಬೆರಳಿನಷ್ಟು ಗಾತ್ರದ ತುಣುಕೊಂದು ಮುರಿದು, ಬಂಡೆಯ ಮಗ್ಗುಲಿಗೆ ಉರುಳಿತು.

ನವರತ್ನಗಳಲ್ಲಿ ಹವಳವೂ ಒಂದೆಂದು ನಾನು ಎಷ್ಟೋ ಸಲ ಪಾಠ ಹೇಳಿದ್ದೇನೆ. ತುಟಿಗೆ ಹವಳದ ಹೋಲಿಕೆ ಕೊಟ್ಟ ಪದ್ಯಗಳನ್ನು ರಾಗವಾಗಿ ಓದಿದ್ದೇನೆ. ಅದು ಜೀವಿಯೆಂಬುದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಅದು ನನ್ನ ಮನಸ್ಸಿಗೆ ತಟ್ಟಿದ್ದು ಅಂದೇ. ಆಭರಣದ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ್ದು. ನನ್ನ ಕಾಲಿಗೆ ಸಿಕ್ಕಿದ್ದು ಅದರ ದೂರದ ಬಂಧು. ಅಸಂಖ್ಯ ಪುಟ್ಟ ಪ್ರಾಣಿಗಳು ಒಟ್ಟಾಗಿ ಬಾಳುತ್ತ, ನೀರಿನಲ್ಲಿ ಕರಗಿದ ಸುಣ್ಣದ ಅಂಶವನ್ನು ಹೀರಿ ತಮಗೆ ಮನೆ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ಬಿಡಾರ ಹೂಡಿ, ಬಿಸಿಲಿನಿಂದ ಅಡುಗೆ ಮಾಡಿ, ಮನೆಯೊಡೆಯನಿಗೂ ಬಡಿಸುತ್ತವೆ. ಹವಳದ ಬಣ್ಣವೂ ಬಹುಪಾಲು ಆ ಒಕ್ಕಲಿನದೇ. ನೀರಿನ ಕಾವು ಮಿತಿಮೀರಿದರೆ ಒಕ್ಕಲು ಮನೆ ಬಿಡುತ್ತದೆ, ಹವಳ ಬಿಳಿಚುತ್ತದೆ, ಕಾವು ಬೇಗ ಇಳಿಯದಿದ್ದರೆ ಹಸಿದು ಸಾಯುತ್ತದೆ. ನಮ್ಮದೇ ಅರಬ್ಬೀ ಸಮುದ್ರದ ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗೆ ಹವಳಗಳು ಬಿಳಿಚಿದವು. ಬಂಡೆಯಂತೆ ಬೆಳೆಯುವ ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ನಾನು ಮುರಿದ ತುಣುಕಿಗೆ ಎಷ್ಟು ವರ್ಷವಾಗಿರಬಹುದೆಂದು ಮೊಮ್ಮಗಳು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದಳು. ನನಗೆ ಆ ಲೆಕ್ಕ ಕೇಳುವ ಧೈರ್ಯವಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿಯ ಹೆಸರಿರುವ ಮೊದಲನೆಯ ಪಟ್ಟಿಗೇ 2001ರಲ್ಲಿ ಹವಳಗಳನ್ನೂ ಸೇರಿಸಿದ್ದಾರೆ.

ತಂಡೇಲನ ಜೊತೆಗಾರ ನೀರಿಗೆ ಧುಮುಕಿ, ತುಣುಕನ್ನು ಹುಡುಕಿ, ಎರಡು ಬಂಡೆಗಳ ನಡುವಿನ ಬಿರುಕಿನಲ್ಲಿ ಅಲುಗದಂತೆ ಸಿಕ್ಕಿಸಿ ಬಂದ.

ಮಧ್ಯಾಹ್ನ ಗಾಳಿ ಏಳುವ ಮೊದಲೇ ದೋಣಿ ದಡದ ಕಡೆಗೆ ತಿರುಗಿತು. ಗಿಡುಗವೊಂದು ನೀರಿನ ಮಟ್ಟಕ್ಕೆ ಇಳಿದು, ಮುಳುಗದೆಯೇ ಕಾಲು ಚಾಚಿ, ಕಡಲ ಹಾವೊಂದನ್ನು ಎತ್ತಿಕೊಂಡು ಗುಡ್ಡದ ಕಡೆಗೆ ಹಾರಿತು. ಉಗುರುಗಳ ನಡುವೆ ಹಾವು ಇನ್ನೂ ತಿರುಚುತ್ತಿತ್ತು.

"ಅಜ್ಜ, ಆ ತುಣುಕು ಮತ್ತೆ ಬೆಳೆಯುತ್ತದೆಯೇ?"

ನಾನು ತಂಡೇಲನ ಮುಖ ನೋಡಿದೆ.

"ಅಲೆಗೆ ಕದಲದೆ ನಿಂತರೆ ಬೇರೂರಿದರೂ ಊರೀತು, ತಂಗಿ," ಎಂದ ಅವನು. "ಮುಂದಿನ ವರ್ಷ ಬಾ. ಜಾಗ ನನಗೆ ನೆನಪಿರುತ್ತದೆ."

ಮುಂದೆ ಶಿವನ ಮೂರ್ತಿ ನೀರಿನಿಂದ ಮೇಲೇಳತೊಡಗಿತು. ಮೊಮ್ಮಗಳು ಮಾತ್ರ ದಡದ ಕಡೆಗೆ ಬೆನ್ನು ಮಾಡಿ, ನೇತ್ರಾಣಿ ಕಣ್ಮರೆಯಾಗುವವರೆಗೂ ಅತ್ತಲೇ ನೋಡುತ್ತ ಕುಳಿತಿದ್ದಳು.