ಡಿವಿಡಿ ಯಂತ್ರದೊಳಗಿನ ಸುಂಕದ ಕಟ್ಟೆ

ಬೆಲೆ ತಾರತಮ್ಯದ ಪಾಠವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಓದಿರುತ್ತಾರೆ. ಏಕಸ್ವಾಮ್ಯವುಳ್ಳ ಮಾರಾಟಗಾರನು ಒಂದೇ ವಸ್ತುವನ್ನು ಎರಡು ಮಾರುಕಟ್ಟೆಗಳಲ್ಲಿ ಎರಡು ಬೆಲೆಗೆ ಮಾರಬಲ್ಲನು. ಆದರೆ ಅಗ್ಗದ ಕಡೆ ಕೊಂಡದ್ದನ್ನು ತುಟ್ಟಿಯ ಕಡೆಗೆ ಸಾಗಿಸಲು ಯಾರಿಗೂ ಅವಕಾಶವಿರಬಾರದು. ವೈದ್ಯನ ಶುಲ್ಕ, ರೈಲ್ವೆ ದರ ಮೊದಲಾದುವು ಇದಕ್ಕೆ ರೂಢಿಯ ಉದಾಹರಣೆಗಳು. ಅವುಗಳಿಗಿಂತ ಸೊಗಸಾದ ಉದಾಹರಣೆಯೊಂದು ಲ್ಯಾಪ್‌ಟಾಪಿನ ಡಿವಿಡಿ ಡ್ರೈವಿನಲ್ಲಿ ಅಡಗಿದೆ. ಅದನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಡಿವಿಡಿ ಮೊದಲು ಮಾರಾಟಕ್ಕೆ ಬಂದದ್ದು ಜಪಾನಿನಲ್ಲಿ, ೧೯೯೬ರ ನವೆಂಬರಿನಲ್ಲಿ. ಹಾಲಿವುಡ್ಡಿನ ಸಂಸ್ಥೆಗಳಿಗೆ ಆಗ ಒಂದು ಅಳುಕಿತ್ತು. ಅಂದಿನ ರೂಢಿಯಲ್ಲಿ ಚಲನಚಿತ್ರವು ಮೊದಲು ಅಮೆರಿಕದಲ್ಲಿ ಬಿಡುಗಡೆಯಾಗಿ, ಎಷ್ಟೋ ವೇಳೆ ತಿಂಗಳುಗಳು ಕಳೆದ ಮೇಲೆ ಇತರ ದೇಶಗಳಿಗೆ ಬರುತ್ತಿತ್ತು. ಅಷ್ಟರಲ್ಲೇ ಅಮೆರಿಕದ ಡಿಸ್ಕು ಲಂಡನ್ನನ್ನು ಮುಟ್ಟಿದರೆ ಅಲ್ಲಿನ ಚಿತ್ರಮಂದಿರದ ಟಿಕೇಟನ್ನು ಕೊಳ್ಳುವವರಾರು? ಆದ್ದರಿಂದ ಲೋಕವನ್ನೇ ಪಾಲು ಹಾಕಿದರು. ಅಮೆರಿಕ, ಕೆನಡಗಳಿಗೆ ೧ನೆಯ ಪ್ರದೇಶ, ಪಶ್ಚಿಮ ಯೂರೋಪು, ಜಪಾನುಗಳಿಗೆ ೨, ಆಗ್ನೇಯ ಏಷ್ಯಕ್ಕೆ ೩, ಆಸ್ಟ್ರೇಲಿಯ, ಲ್ಯಾಟಿನ್ ಅಮೆರಿಕಗಳಿಗೆ ೪, ಚೀನಕ್ಕೆ ೬. ಭಾರತ, ರಷ್ಯ ಮತ್ತು ಆಫ್ರಿಕದ ಬಹುಭಾಗ ೫ನೆಯ ದೊಡ್ಡಿಯಲ್ಲಿ ಬಿದ್ದವು. ೭ನ್ನು ಮುಂದಕ್ಕೆಂದು ಕಾದಿರಿಸಿ, ೮ನ್ನು ವಿಮಾನ ಹಡಗುಗಳಿಗೆ ಬಿಟ್ಟರು.

ಡಿಸ್ಕಿನ ಮೇಲೆ ಈ ಹಂಚಿಕೆಯನ್ನು ಬರೆದಿರುವ ರೀತಿ ಬಲು ಸರಳ. ಎಂಟು ಬಿಟ್ಟುಗಳು, ಬಲದಿಂದ ಎಡಕ್ಕೆ ಎಣಿಸಿದರೆ ಪ್ರದೇಶಕ್ಕೊಂದು. ಸೊನ್ನೆಯೆಂದರೆ ಅನುಮತಿ, ಒಂದೆಂದರೆ ನಿಷೇಧ. ಅಮೆರಿಕಕ್ಕೆ ಮಾತ್ರ ಮೀಸಲಾದ ಡಿಸ್ಕಿನಲ್ಲಿ ೧೧೧೧೧೧೧೦ ಎಂದೂ, ನಮ್ಮ ಪ್ರದೇಶಕ್ಕೆ ಮಾತ್ರ ಮೀಸಲಾದುದರಲ್ಲಿ ೧೧೧೦೧೧೧೧ ಎಂದೂ ಇರುತ್ತದೆ. ಎಂಟೂ ಸೊನ್ನೆಗಳಿದ್ದರೆ ಅದು ಎಲ್ಲೆಡೆಯೂ ನಡೆಯುವ ಡಿಸ್ಕು. ಭಾರತದಲ್ಲಿ ತಯಾರಾದ ಅನೇಕ ಚಲನಚಿತ್ರ ಡಿಸ್ಕುಗಳು ಈ ಉದಾರ ಜಾತಿಗೆ ಸೇರಿದವು.

ಆದರೆ ಗುರುತನ್ನು ಓದಿ ತಡೆಯುವವರು ಬೇಕಲ್ಲ? ಮೊದಲಿಗೆ ಈ ಕಾವಲು ಗಣಕಯಂತ್ರದ ಪ್ರೋಗ್ರಾಮಿನ ಕೈಯಲ್ಲಿತ್ತು. ಇಂಥ ಡ್ರೈವುಗಳಿಗೆ ಆರ್‌ಪಿಸಿ-೧ ಎಂದು ಹೆಸರು. ಪ್ರೋಗ್ರಾಮನ್ನು ಒಲಿಸಿಕೊಳ್ಳುವುದು ಸುಲಭವೆಂದು ಬೇಗನೆ ತಿಳಿದುಬಂದುದರಿಂದ, ೨೦೦೦ದ ಜನವರಿ ೧ರಿಂದ ಕಾವಲನ್ನು ಡ್ರೈವಿನ ಒಳಗೇ ಕೂರಿಸಬೇಕೆಂದು ಗೊತ್ತುಮಾಡಿದರು. ಇದೇ ಆರ್‌ಪಿಸಿ-೨. ಇಲ್ಲಿ ಪ್ರದೇಶದ ಸಂಖ್ಯೆಯು ವಿದ್ಯುತ್ತು ಹೋದರೂ ಅಳಿಯದ ನೆನಪಿನಲ್ಲಿರುತ್ತದೆ. ಒಡೆಯನು ಅದನ್ನು ಐದು ಸಲ ಮಾತ್ರ ನಿಗದಿಮಾಡಬಹುದು. ಐದನೆಯ ಸಲ ಯಾವುದಿತ್ತೋ ಅದೇ ಕಾಯಂ. ವಿಂಡೋಸನ್ನು ಅಳಿಸಿ ಮತ್ತೆ ಹಾಕಿದರೂ ಎಣಿಕೆ ಕದಲುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆಯೇ ಸರಿ.

ಮ್ಯಾಕ್‌ಬೆತ್ ನಾಟಕವನ್ನು ಓದುವ ನಮ್ಮ ಇಂಗ್ಲಿಷ್ ವಿಭಾಗದ ವಿದ್ಯಾರ್ಥಿಗೆ, ಜಪಾನಿನ ಕುರೊಸಾವಾ ೧೯೫೭ರಲ್ಲಿ ಅದೇ ಕಥೆಯನ್ನು ತಮ್ಮ ನಾಡಿನ ಕೋಟೆ ಕಾಡುಗಳಿಗೆ ಒಗ್ಗಿಸಿ ತೆಗೆದ ಚಿತ್ರವನ್ನು ನೋಡುವ ಆಸೆಯಿದೆಯೆನ್ನಿ. ಬಂಧುಗಳೊಬ್ಬರು ಅಮೆರಿಕದಿಂದ ನ್ಯಾಯವಾಗಿ ಹಣ ಕೊಟ್ಟು ತಂದ ಡಿಸ್ಕು ೧ನೆಯ ಪ್ರದೇಶದ್ದಾಗಿದ್ದರೆ, ಡಿಸ್ಕೂ ಅವನದೇ, ಯಂತ್ರವೂ ಅವನದೇ, ಚಿತ್ರ ಮಾತ್ರ ಕಾಣದು. ಇಲ್ಲಿ ಕಳ್ಳತನವೆಲ್ಲಿದೆ?

ಡ್ರೈವನ್ನು ನಡೆಸುವ ಪ್ರೋಗ್ರಾಮಿಗೆ ಫರ್ಮ್‌ವೇರ್ ಎಂದು ಹೆಸರು. ಅದು ಡ್ರೈವಿನ ಚಿಪ್ಪಿನಲ್ಲಿ ನೆಲೆಸಿದ್ದು, ದೋಷ ತಿದ್ದುವುದಕ್ಕಾಗಿ ತಯಾರಕರು ಅದನ್ನು ಮತ್ತೆ ಬರೆಯುವ ದಾರಿಯನ್ನು ಇಟ್ಟಿರುತ್ತಾರೆ. ಹವ್ಯಾಸಿಗಳು ಹಿಡಿದದ್ದು ಈ ದಾರಿಯನ್ನೇ. ಫರ್ಮ್‌ವೇರನ್ನು ಓದಿ, ಪ್ರದೇಶವನ್ನು ಹೋಲಿಸುವ ಆಜ್ಞೆ ಯಾವ ಜಾಗದಲ್ಲಿದೆಯೆಂದು ಹುಡುಕಿ, ಅದನ್ನು ನಿಷ್ಫಲಗೊಳಿಸಿ ಮತ್ತೆ ಬರೆದರು. ಇನ್ನು ಕೆಲವರು ಹೋಲಿಕೆಯನ್ನು ಹಾಗೆಯೇ ಬಿಟ್ಟು, ಐದರ ಎಣಿಕೆ ಇಳಿಯದಂತೆ ಮಾತ್ರ ಮಾಡಿದರು. ಎರಡನೆಯದು ಹೆಚ್ಚು ಜಾಣತನದ್ದೆಂದು ನನಗೆ ತೋರುತ್ತದೆ. ಕಾವಲುಗಾರನನ್ನು ಓಡಿಸದೆ ಅವನ ಲೆಕ್ಕದ ಪುಸ್ತಕವನ್ನಷ್ಟೇ ಮರೆಸಿದ ಹಾಗೆ.

ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಕಷ್ಟತರ. ಒಂದೇ ಡ್ರೈವನ್ನು ಬೇರೆ ಬೇರೆ ಗಣಕ ಕಂಪನಿಗಳು ತಮ್ಮ ತಮ್ಮ ಫರ್ಮ್‌ವೇರಿನೊಂದಿಗೆ ಮಾರುತ್ತವೆ. ಒಂದರದು ಇನ್ನೊಂದಕ್ಕೆ ಹೊಂದದು. ಬರೆಯುವ ಅರ್ಧದಲ್ಲಿ ವಿದ್ಯುತ್ತು ಹೋದರೆ, ಇಲ್ಲವೆ ಮಾದರಿಯ ಒಂದಕ್ಷರ ತಪ್ಪಿದರೆ, ಡ್ರೈವು ಏಳದ ಹಾಗಾಗಬಹುದು. ಹಳೆಯ ಫರ್ಮ್‌ವೇರಿನ ಪ್ರತಿಯನ್ನು ಮೊದಲು ತೆಗೆದಿಟ್ಟುಕೊಳ್ಳದೆ ಕೈಹಾಕುವುದು ಅವಿವೇಕ. ಖಾತರಿಯಂತೂ ಹೋದಂತೆಯೇ.

ಇನ್ನೊಂದು ಮಾರ್ಗವೂ ಉಂಟು. ಡಿಸ್ಕಿನ ಚಿತ್ರವು ೪೦ ಬಿಟ್ಟಿನ ಕೀಲಿಯ ಗೂಢಲಿಪಿಯಲ್ಲಿರುತ್ತದೆ. ಪ್ರದೇಶ ಹೊಂದದಿದ್ದರೆ ಆರ್‌ಪಿಸಿ-೨ ಡ್ರೈವು ಈ ಕೀಲಿಯನ್ನು ಕೊಡುವುದಿಲ್ಲ. ಆದರೆ ಆ ಲಿಪಿಯೇ ದುರ್ಬಲವಾದುದರಿಂದ, ೧೯೯೯ರಲ್ಲಿ ಅದು ಭೇದಿಸಲ್ಪಟ್ಟ ಮೇಲೆ ವಿಎಲ್‌ಸಿಯಂಥ ಪ್ರೋಗ್ರಾಮುಗಳು ಡ್ರೈವನ್ನು ಕೇಳದೆ ಕೀಲಿಯನ್ನು ತಾವೇ ಲೆಕ್ಕಹಾಕಬಲ್ಲವು. ಮತ್ಸುಶಿತಾದ ಹಲವು ಲ್ಯಾಪ್‌ಟಾಪ್ ಡ್ರೈವುಗಳು ಮಾತ್ರ ಇದಕ್ಕೂ ಎಡೆಗೊಡವು. ಪ್ರದೇಶ ತಪ್ಪಿದ ಡಿಸ್ಕಿನ ಗೂಢಭಾಗವನ್ನು ಓದಿಕೊಡಲು ಅವು ಒಪ್ಪುವುದೇ ಇಲ್ಲ.

ಕಾನೂನು ಏನೆನ್ನುತ್ತದೆ? ಲಿಪಿಯನ್ನು ಭೇದಿಸಿದ ಪ್ರೋಗ್ರಾಮಿಗಾಗಿ ನಾರ್ವೆಯ ತರುಣ ಯೋನ್ ಲೆಕ್ ಯೋಹಾನ್ಸನ್‌ರ ಮೇಲೆ ಮೊಕದ್ದಮೆ ನಡೆದು, ೨೦೦೩ರಲ್ಲಿ ಕೆಳಗಿನ ನ್ಯಾಯಾಲಯವೂ ಮೇಲಿನ ನ್ಯಾಯಾಲಯವೂ ಅವರನ್ನು ನಿರ್ದೋಷಿಯೆಂದು ಬಿಟ್ಟವು. ನ್ಯೂಜಿಲೆಂಡಿನ ೨೦೦೮ರ ತಿದ್ದುಪಡಿಯು, ಮಾರುಕಟ್ಟೆಯನ್ನು ಭೂಪಟದಂತೆ ಹಂಚುವುದಕ್ಕಷ್ಟೇ ಇರುವ ಬೀಗಕ್ಕೆ ಕೃತಿಸ್ವಾಮ್ಯದ ರಕ್ಷಣೆಯಿಲ್ಲವೆಂದು ಸ್ಪಷ್ಟವಾಗಿ ಬರೆಯಿತು. ನಮ್ಮ ೨೦೧೨ರ ತಿದ್ದುಪಡಿಯ ೬೫-ಎ ಪ್ರಕರಣವು ಅಷ್ಟು ಬಿಡಿಸಿ ಹೇಳದಿದ್ದರೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದವನಿಗೆ ಎರಡು ವರ್ಷಗಳವರೆಗೆ ಸೆರೆಯನ್ನು ವಿಧಿಸುತ್ತದೆ. ‘ಉದ್ದೇಶದಿಂದ’ ಎಂಬ ಪದವನ್ನು ನ್ಯಾಯಶಾಸ್ತ್ರದ ಮಿತ್ರರು ಗಮನಿಸಬೇಕು. ಕೊಂಡ ಡಿಸ್ಕನ್ನು ನೋಡುವುದು ಬೇರೆ, ನಕಲು ತೆಗೆದು ಮಾರುವುದು ಬೇರೆ.

ಈಗ ಹೊಸ ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಅಪರೂಪ. ಹೊರಗಿನಿಂದ ಜೋಡಿಸುವ ಸಣ್ಣ ಡ್ರೈವನ್ನು ಕೊಂಡು ಅದನ್ನು ೧ನೆಯ ಪ್ರದೇಶಕ್ಕೇ ಮೀಸಲಿಟ್ಟರೆ, ಫರ್ಮ್‌ವೇರಿನ ಗೊಡವೆಯಿಲ್ಲದೆ ಮೇಲಿನ ವಿದ್ಯಾರ್ಥಿಯ ಕೆಲಸವಾಗುತ್ತದೆ. ಹಳೆಯ ಲ್ಯಾಪ್‌ಟಾಪು ಇರುವವರು, ಪ್ರದೇಶ ಬದಲಿಸಲೇ ಎಂದು ಯಂತ್ರ ಕೇಳಿದಾಗ ಥಟ್ಟನೆ ಒಪ್ಪಿಗೆಯ ಗುಂಡಿಯನ್ನು ಒತ್ತದೆ, ಐದರಲ್ಲಿ ಎಷ್ಟು ಉಳಿದಿದೆಯೆಂದು ಅದೇ ಕಿಟಕಿಯಲ್ಲಿ ಓದಿಕೊಳ್ಳಬಹುದು.