ಇಕ್ಕಳ ಹಿಡಿಯುವ ಮುನ್ನ

ಕೆಲಸ ಸಿಕ್ಕಿತು, ಮೊದಲ ಸಂಬಳವೂ ಕೈಗೆ ಬಂತು. ಗೆಳೆಯರನ್ನೆಲ್ಲ ಕಟ್ಟಿಕೊಂಡು, ಮೇಜಿನ ಮೇಲೇ ಮಾಂಸ ಸುಟ್ಟುಕೊಂಡು ತಿನ್ನುವ ಚೆನ್ನೈನ ಕೊರಿಯನ್ ಬಾರ್ಬೆಕ್ಯೂ ಹೋಟೆಲಿಗೆ ಹೊರಟಿದ್ದೀಯಂತೆ. ಹೋಗು, ಬೇಡ ಅನ್ನುವವನು ನಾನಲ್ಲ. ಅಗ್ನಿನಕ್ಷತ್ರದ ಬಿಸಿಲಿಗೆ ಬೇಯುವ ಊರಿನಲ್ಲಿ ದುಡ್ಡು ಕೊಟ್ಟು ಮತ್ತೆ ಬೆಂಕಿಯ ಮುಂದೆ ಕೂರುವ ಆಸೆ ನಿನ್ನ ವಯಸ್ಸಿಗೇ ಬರಬೇಕು! ಆದರೆ ನಿನ್ನ ಅವಸರ ನನಗೆ ಗೊತ್ತು. ಅದಕ್ಕೇ ಈ ನಾಲ್ಕು ಮಾತು.

ಆ ಹೋಟೆಲುಗಳನ್ನು ಬರೀ ಶೋಕಿ ಅಂದುಕೊಳ್ಳಬೇಡ. 1996ರಲ್ಲಿ ಹ್ಯುಂಡೈ ಕಂಪನಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಗೆ ಬಂತು. 1998ರಲ್ಲಿ ಅಲ್ಲಿಂದ ಸ್ಯಾಂಟ್ರೋ ಕಾರು ರಸ್ತೆಗಿಳಿಯಿತು. ಅದರ ಬೆನ್ನಿಗೇ ಬಿಡಿಭಾಗದ ಕಂಪನಿಗಳು, ಆಮೇಲೆ ಸ್ಯಾಮ್‌ಸಂಗ್, ಜೊತೆಗೆ ಸಾವಿರಾರು ಕೊರಿಯನ್ನರು ಬಂದರು. ಮನೆ ಬಿಟ್ಟು ಬಂದವರ ನಾಲಗೆ ಊರಿನ ಊಟ ಕೇಳದೆ ಬಿಡುತ್ತದೆಯೆ? ನಮ್ಮವರಿಗೂ ಇದು ಹೊಸದಲ್ಲ. ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದ ಮೇಲೆ ಬಂದು 1938ರಲ್ಲಿ ಇದೇ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದರು. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಶುರುವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರ ತನಕ ಊರಿಗೆಲ್ಲ ದೋಸೆ, ಕಾಫಿ ಕೊಟ್ಟಿತು. ಪರಊರಿಗೆ ಹೋಗಿ ಬಡಿಸಿ ಹೆಸರು ಮಾಡಿದವರ ಕಡೆಯವನು ನೀನು. ಇನ್ನೊಬ್ಬರ ಪಂಕ್ತಿಯಲ್ಲಿ ಕೂರುವ ಮರ್ಯಾದೆಯೂ ನಿನಗೆ ಗೊತ್ತಿರಬೇಕು.

ಮೊದಲು ಕೇಳು, ಆಮೇಲೆ ತರಿಸು. ನಿನ್ನ ಗುಂಪಿನಲ್ಲಿ ಒಬ್ಬ ಹಂದಿ ತಿನ್ನುವುದಿಲ್ಲ, ಇನ್ನೊಬ್ಬ ದನ ಮುಟ್ಟುವುದಿಲ್ಲ, ಮತ್ತೊಬ್ಬಳು ಮೊಟ್ಟೆಯನ್ನೂ ಒಲ್ಲಳು. ‘ಅಡ್ಜಸ್ಟ್ ಮಾಡ್ಕೊ’ ಅನ್ನುವ ಮಾತು ನಿನ್ನ ಬಾಯಿಂದ ಬರಕೂಡದು. ಹಂದಿ ಕೊಬ್ಬು ಇಳಿದ ಕಾವಲಿಯ ಮೇಲೇ ಅಣಬೆ ಬೇಯಿಸಿ ‘ಇದು ವೆಜ್’ ಎಂದು ಅವಳ ತಟ್ಟೆಗೆ ಹಾಕುವುದು ಮೋಸ. ಕಿಮ್ಚಿ ನೋಡುವುದಕ್ಕೆ ಎಲೆಕೋಸೇ. ಆದರೆ ಸಾಮಾನ್ಯವಾಗಿ ಅದಕ್ಕೆ ಮೀನಿನ ಸಾಸೋ ಉಪ್ಪು ಹಾಕಿದ ಸಿಗಡಿಯೋ ಬಿದ್ದಿರುತ್ತದೆ. ವಿಚಾರಿಸಿ ಹೇಳು. ಅವಳಿಗೆ ಮಾಂಸ, ಮೊಟ್ಟೆ ಇಲ್ಲದ ಬಿಬಿಂಬಾಪ್ ಅನ್ನವನ್ನು ಬೇರೆ ಪಾತ್ರೆಯಲ್ಲಿ ಮಾಡಿಸು. ಜೊತೆಯಲ್ಲಿ ಬಂದವರು ಹಸಿದು ಎದ್ದರೆ ನೀನು ಕೊಡಿಸಿದ್ದು ಊಟವೇ ಅಲ್ಲ.

ಇನ್ನು ಬೆಂಕಿಯ ವಿಷಯ. ಮಸಾಲೆ ಹಾಕದ ಮಾಂಸ ಮೊದಲು. ಸಂಗ್ಯೊಪ್ಸಾಲ್ ಎಂಬ ಪದರಪದರದ ಹಂದಿಮಾಂಸದಿಂದ ಶುರುಮಾಡು. ಬುಲ್ಗೋಗಿ, ಗಾಲ್ಬಿ ಆಮೇಲೆ. ಸೋಯಾ ಸಾಸು, ಸಕ್ಕರೆಯಲ್ಲಿ ನೆನೆದ ಆ ಮಾಂಸ ಕಾವಲಿಗೆ ಹಿಡಿದು ಬೇಗ ಕರಕಲಾಗುತ್ತದೆ. ಕರಿ ಹಿಡಿದರೆ ಕಾವಲಿ ಬದಲಿಸಿಕೊಡಿ ಎಂದು ಕೇಳು. ಎಲ್ಲವನ್ನೂ ಒಟ್ಟಿಗೆ ಸುರಿಯಬೇಡ. ಕಾವು ಇಳಿದು ಮಾಂಸ ನೀರು ಬಿಡುತ್ತದೆ. ಗಳಿಗೆಗೊಮ್ಮೆ ಮಗುಚಲೂಬೇಡ. ಹಸಿ ಮಾಂಸ ಮುಟ್ಟಿದ ಇಕ್ಕಳದಲ್ಲಿ ಬೆಂದದ್ದನ್ನು ಎತ್ತಬೇಡ. ಹಂದಿ ಪೂರ್ತಿ ಬೇಯಲಿ. ಬೇಯುವ ತನಕ ಇದ್ದವನಿಗೆ ಆರುವ ತನಕ ಇರಲಾಗದೆ? ನೀನೋ, ಬೇಯುವ ತನಕವೂ ಇರುವವನಲ್ಲ. ರೀಲ್ಸ್ ತೆಗೆಯುತ್ತ ಕೂತರೆ ಅದು ಸುಟ್ಟು ಇದ್ದಿಲಾಗುತ್ತದೆ, ಅದೂ ಗೊತ್ತಿರಲಿ.

ಕತ್ತರಿ ತಂದು ಮಾಂಸ ಕತ್ತರಿಸಿದರೆ ನಗಬೇಡ, ಅದು ಅವರ ಪದ್ಧತಿ. ಊಟಕ್ಕೆ ಕೊಡುವ ಲೋಹದ ಕಡ್ಡಿ ಜಾರುತ್ತದೆ. ಫೋರ್ಕ್ ಕೇಳುವುದಕ್ಕೆ ನಾಚಿಕೆ ಏಕೆ? ಅನ್ನವನ್ನು ಅವರೂ ಚಮಚದಲ್ಲೇ ತಿನ್ನುತ್ತಾರೆ. ಅನ್ನದಲ್ಲಿ ಕಡ್ಡಿಯನ್ನು ನೆಟ್ಟಗೆ ಚುಚ್ಚಿಡಬೇಡ, ಅದು ಸತ್ತವರಿಗೆ ಎಡೆ ಇಡುವ ರೀತಿ. ಹಿರಿಯರಿದ್ದರೆ ಅವರು ಮೊದಲು ಚಮಚ ಎತ್ತಲಿ. ಅವರ ಲೋಟ ತುಂಬುವಾಗ ಎರಡೂ ಕೈ ಹಚ್ಚು. ಲೆಟ್ಯೂಸ್ ಎಲೆಯಲ್ಲಿ ಮಾಂಸ, ಬೆಳ್ಳುಳ್ಳಿ, ಸಂಜಾಂಗ್ ಚಟ್ನಿ ಇಟ್ಟು ವೀಳ್ಯ ಮಡಿಸಿದ ಹಾಗೆ ಮಡಿಸಿ ಒಂದೇ ತುತ್ತಿಗೆ ಬಾಯಿಗೆ ಹಾಕಿಕೋ. ಸುತ್ತ ಇಡುವ ಪುಟ್ಟ ಬಟ್ಟಲುಗಳು ಬಾಂಚಾನ್. ಅದಕ್ಕೆ ಬೇರೆ ದುಡ್ಡಿಲ್ಲ, ಸಾಮಾನ್ಯವಾಗಿ ಕೇಳಿದರೆ ಮತ್ತೆ ಕೊಡುತ್ತಾರೆ. ಬಿಟ್ಟಿ ಸಿಕ್ಕಿತೆಂದು ಹಾಕಿಸಿಕೊಂಡು ತಿನ್ನದೆ ಬಿಡಬೇಡ.

ಬಡಿಸುವ ಹುಡುಗನ ಮುಖ ನೋಡಿ ‘ನೀನು ಕೊರಿಯಾದವನಾ?’ ಎಂದು ಕೇಳೀಯ, ಜೋಕೆ. ಮಣಿಪುರದವನೋ ಮಿಜೋರಾಮಿನವನೋ ಆಗಿದ್ದಾನು, ನಿನ್ನದೇ ದೇಶದವನು. ನಿನ್ನ ಹಾಗೆ ಅವನೂ ಅನ್ನ ಹುಡುಕಿಕೊಂಡು ಊರು ಬಿಟ್ಟು ಬಂದವನು. ಬಿಲ್ಲು ಬಂದಾಗ ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ ಎಂದು ತಿಳಿದಿರು. ಹಾಗೆನ್ನುವ 2022ರ ಕೇಂದ್ರದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಹಾಗೆಂದು ಕೈ ಬಿಗಿ ಮಾಡಬೇಡ. ಕಾವಲಿ ಬದಲಿಸಿ ಬೆವರಿದವನ ಕೈಗೇ ನಾಲ್ಕು ಕಾಸು ಕೊಡು.

ಕೊನೆಗೆ ಮುಖ್ಯವಾದದ್ದು. ಇಕ್ಕಳ ಹಿಡಿದವನ ತಟ್ಟೆ ಯಾವಾಗಲೂ ಖಾಲಿ. ಕೊರಿಯಾದ ಆಫೀಸು ಊಟಗಳಲ್ಲಿ ಸಾಮಾನ್ಯವಾಗಿ ಕಿರಿಯವರೇ ಆ ಕೆಲಸಕ್ಕೆ ನಿಲ್ಲುತ್ತಾರಂತೆ. ನಿಮ್ಮ ಮೇಜಿನಲ್ಲೂ ಬಾಯಿಲ್ಲದ ಒಬ್ಬನು ಸುಡುತ್ತಾ ಇರುತ್ತಾನೆ, ಉಳಿದವರು ಹರಟುತ್ತ ನುಂಗುತ್ತಾರೆ. ಅವನನ್ನು ಗಮನಿಸು. ಎಲೆಯಲ್ಲಿ ಒಂದು ತುತ್ತು ಕಟ್ಟಿ ಅವನ ಕೈಗಿಡು, ಇಕ್ಕಳ ಈಸಿಕೋ. ಮನುಷ್ಯನ ಗುಣ ತಿಳಿಯಲು ಅವನ ಸಂಬಳದ ಚೀಟಿ ಬೇಡ, ಉಣ್ಣುವಾಗ ಪಕ್ಕದವನ ತಟ್ಟೆ ನೋಡುತ್ತಾನೋ ಇಲ್ಲವೋ, ಅಷ್ಟು ಸಾಕು. ನೀನು ನೋಡುವವನಾಗು.